ಸ್ಟೇಷನ್ ಮಸೀದಿಯ ಹೆಣದ ಕಲ್ಲು

ಹಾಜಿ ನಾಫಿಜ್ ಸತ್ತ ಬೆಳಿಗ್ಗೆಯೂ ಅವನ ಹೋಟೆಲಿನ ನೆಲಮಾಳಿಗೆಯಲ್ಲಿ ಕೆಲಸ ನಿಲ್ಲಲಿಲ್ಲ. ಯಜಮಾನ ಸತ್ತರೆ ಅಡುಗೆಯವನಿಗೆ ರಜೆ, ಗುಮಾಸ್ತನಿಗೆ ರಜೆ, ಬಾಗಿಲು ಕಾಯುವವನಿಗೂ ರಜೆ. ಬಟ್ಟೆ ಒಗೆಯುವ ಹೆಂಗಸರಿಗೆ ಮಾತ್ರ ಇಲ್ಲ. ಊರೂರಿಂದ ನೆಂಟರು ಬರುತ್ತಾರೆ. ಅವರು ಮಲಗುವುದಕ್ಕೆ ಬಿಳಿ ಹಾಸು ಬೇಕು, ಊಟದ ಮೇಜಿಗೆ ಬಿಳಿ ಬಟ್ಟೆ ಬೇಕು. ಅಳುವವರಿಗೂ ಇಸ್ತ್ರಿ ಮಾಡಿದ ಬಟ್ಟೆಯೇ ಆಗಬೇಕು.

ಖೆಜಾಲ್ ದೊಡ್ಡ ಇಸ್ತ್ರಿ ಯಂತ್ರದ ಮುಂದೆ ನಿಂತಿದ್ದಳು. ಒಂದರ ಮೇಲೊಂದು ಎರಡು ಕಬ್ಬಿಣದ ಉರುಳೆ, ಕೆಳಗೆ ಬೆಂಕಿ. ಒದ್ದೆ ಹಾಸಿನ ಅಂಚನ್ನು ಎರಡೂ ಕೈಯಲ್ಲಿ ಎಳೆದು ಹಿಡಿದು ಉರುಳೆಯ ಬಾಯಿಗೆ ಕೊಡಬೇಕು. ಅದು ನುಂಗುತ್ತದೆ. ಆಚೆ ಬದಿಯಲ್ಲಿ ಒಣಗಿ ಸೆಟೆದುಕೊಂಡು ಬೀಳುತ್ತದೆ. ಮತ್ತೆ ಇನ್ನೊಂದು. ಸೊಂಟ ಸೀಳಿಹೋದ ಹಾಗೆ ನೋಯುತ್ತದೆ. ಬೆರಳ ತುದಿಗಳಲ್ಲಿ ಗೆರೆಗಳೇ ಅಳಿಸಿಹೋಗಿವೆ.

ಉರುಳೆಯ ಮುಂದೆ ಒಂದು ತೆಳ್ಳನೆಯ ಸರಳು ಇದೆ. ಬೆರಳು ತಾಗಿದರೆ ಯಂತ್ರ ತಾನಾಗಿ ನಿಲ್ಲಲಿ ಎಂದು ಮಾಡಿದವರು ಇಟ್ಟದ್ದು. ಆದರೆ ಹಾಸಿನ ದಪ್ಪ ಹೊಲಿಗೆ ತಾಗಿದರೂ ಅದು ನಿಲ್ಲುತ್ತಿತ್ತು. ದಿನಕ್ಕೆ ಹತ್ತಾರು ಸಲ ನಿಂತರೆ ಕೆಲಸ ಸಾಗುವುದು ಹೇಗೆ? ಹಾಜಿ ನಾಫಿಜ್ ಆ ಸರಳನ್ನು ತಂತಿಯಿಂದ ಮೇಲಕ್ಕೆ ಬಿಗಿದು ಕಟ್ಟಿಸಿದ. ಆಮೇಲೆ ಯಂತ್ರ ನಿಲ್ಲಲಿಲ್ಲ. ನಾಲ್ಕು ವರ್ಷದ ಹಿಂದೆ ಖೆಜಾಲಳ ಮಗಳು ಸೋಸಿನಳ ಬಲಗೈ ಒಳಗೆ ಹೋದಾಗಲೂ ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಪೆಂಬೆ ಓಡಿಹೋಗಿ ಗೋಡೆಯ ಗುಂಡಿ ಒತ್ತುವಷ್ಟರಲ್ಲಿ ಕೈ ಮಣಿಕಟ್ಟಿನವರೆಗೆ ಸುಟ್ಟು ಚಪ್ಪಟೆಯಾಗಿತ್ತು. ಹುಡುಗಿಗೆ ಆಗ ಹತ್ತೊಂಬತ್ತು.

ಅದೇ ಯಂತ್ರ, ಅದೇ ತಂತಿ. ಅದರ ಮುಂದೆಯೇ ತಾಯಿ ಇವತ್ತಿಗೂ ನಿಲ್ಲುತ್ತಾಳೆ. ಬೇರೆ ಎಲ್ಲಿ ನಿಲ್ಲಬೇಕು? ಟರ್ಕಿಯ ಪೂರ್ವಕ್ಕೆ, ಮಾರ್ದಿನ್ ಕಡೆಯ ಕುರ್ದಿ ಜನರ ಬೆಟ್ಟದ ಊರು ಬಿಟ್ಟು, ಗಂಡನನ್ನು ಮಣ್ಣು ಮಾಡಿ, ಕೂಸನ್ನು ಕಂಕುಳಲ್ಲಿ ಹೊತ್ತು ಪಡುವಣ ಕರಾವಳಿಯ ಇಜ್ಮೀರಿಗೆ ಬಂದವಳು. ಬಸ್ಮಾನೆ ಸ್ಟೇಷನ್ನಿನಲ್ಲಿ ಇಳಿದಳು, ಎದುರಿನ ಹೋಟೆಲಿನ ನೆಲಮಾಳಿಗೆಗೆ ಇಳಿದಳು. ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ.

"ಸತ್ತೋನಿಗೆ ಮೂಗು ಮುಚ್ಕೊಳ್ಳೋ ಕೆಲಸ ಇಲ್ಲ, ನಮಗಿದೆ," ಎಂದಳು ಪೆಂಬೆ, ಕೊಳೆ ಬಟ್ಟೆಯ ಗಂಟು ಬಿಚ್ಚುತ್ತ. ಪೆಂಬೆ ರೋಮಾ ಅಲೆಮಾರಿಗಳ ಕೇರಿಯವಳು, ಅಗಲ ಮುಖದ ಬಾಯಿಬಡುಕಿ. "ಮಸೀದಿ ಮುಂದೆ ಲೊಕ್ಮಾ ಹಂಚೋ ಗಾಡಿ ಬಂದಾಯ್ತಂತೆ. ಹೆಣ ಇನ್ನೂ ಎದ್ದಿಲ್ಲ, ಆಗ್ಲೇ ಎಣ್ಣೆ ಕಾಯ್ಸಿದಾರೆ. ಅವ್ನ ಹೆಸ್ರಲ್ಲಿ ಒಂದು ಬಟ್ಟಲು ಸಿಹಿ ತಿಂದೇ ತಿಂತೀನಿ ಕಣೇ. ಬದುಕಿದ್ದಾಗ ಒಂದು ಲೋಟ ಚಾ ಕುಡ್ಸಿಲ್ಲ, ಸತ್ತಾಗಾದ್ರೂ ಕೊಡ್ಲಿ."

ಖೆಜಾಲ್ ನಗಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದಾಗಿತ್ತು.

ಬಂದವನು ತುಂಜಾಯ್, ಹಾಜಿಯ ಮಗ. ಕಪ್ಪು ಕೋಟು, ಎದೆಯ ಮೇಲೆ ಪಿನ್ನು ಚುಚ್ಚಿದ ಅಪ್ಪನ ಫೋಟೋ. ಕಣ್ಣು ನಿಜವಾಗಿ ಕೆಂಪಾಗಿತ್ತು. ಅಪ್ಪನ ಮೇಲೆ ಪ್ರೀತಿ ಇಲ್ಲ ಎಂದು ಯಾರೂ ಹೇಳುವ ಹಾಗಿರಲಿಲ್ಲ.

"ಮಧ್ಯಾಹ್ನ ಎಲ್ರೂ ಮಸೀದಿಗೆ ಬರ್ಬೇಕು," ಎಂದ. "ಚೊಕ್ಕ ಬಟ್ಟೆ ತಲೆಗೆ ಕಟ್ಕೊಂಡು ಬನ್ನಿ. ಇಮಾಮರು ಕೇಳ್ದಾಗ ಬಾಯ್ಬಿಟ್ಟು ಹೇಳಿ. ಗೊಣಗ್ಬೇಡಿ."

ಏನು ಹೇಳಬೇಕೆಂದು ಅವನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೆಣವನ್ನು ಮಸೀದಿಯ ಅಂಗಳದ ಕಲ್ಲಿನ ಮೇಲೆ ಇಟ್ಟಮೇಲೆ ಇಮಾಮರು ಬಂದವರನ್ನು ಮೂರು ಸಲ ಕೇಳುತ್ತಾರೆ: ಸತ್ತವರ ಮೇಲೆ ನಿಮಗಿರುವ ಹಕ್ಕು ಬಿಟ್ಟುಕೊಡುತ್ತೀರಾ? ಹಕ್ಕು ಎಂದರೆ ಸತ್ತವರು ನಮಗೆ ಮಾಡಿದ ಅನ್ಯಾಯದ, ಉಳಿಸಿಹೋದ ಬಾಕಿಯ ಲೆಕ್ಕ. ಬಂದವರು ಮೂರು ಸಲ ಹೇಳುತ್ತಾರೆ: ಬಿಟ್ಟೆವು. ಕಂಡವರೂ ಹೇಳುತ್ತಾರೆ, ಕಾಣದವರೂ ಹೇಳುತ್ತಾರೆ. ರೈಲು ತಪ್ಪಿಸಿಕೊಂಡು ಸುಮ್ಮನೆ ನಿಂತ ಪ್ರಯಾಣಿಕನೂ ಹೇಳುತ್ತಾನೆ. ಬಿಡುವುದಿಲ್ಲ ಎಂದವರನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ.

"ಖೆಜಾಲ್, ನಿನ್ ಮಗಳನ್ನೂ ಕರ್ಕೊಂಡು ಬಾ," ಎಂದ ತುಂಜಾಯ್. "ಓಣೀಲಿ ಜನ ಏನೇನೋ ಆಡ್ಕೋತಾರೆ. ಅವಳೂ ನಿಂತು ಬಿಟ್ಟೆ ಅಂತ ಹೇಳ್ಲಿ. ಎಲ್ರೂ ನೋಡ್ಲಿ."

"ಯಾವುದಕ್ಕೆ ಬಿಡ್ಬೇಕು, ಸಾಹೇಬ್ರೆ?"

ತುಂಜಾಯ್ ಉರುಳೆಯನ್ನು ನೋಡಿದ. ತಂತಿಯನ್ನು ನೋಡಿದ. ಆಮೇಲೆ ಮೆಟ್ಟಿಲ ಕಡೆ ತಿರುಗಿದ.

"ನಿಮಗಿರೋಕೆ ಹೋಟೆಲ್ ಹಿಂದಿನ ಕೋಣೆ ಕೊಟ್ಟಿದ್ದೀವಲ್ಲ, ಅದು ಬೇಕೋ ಬೇಡ್ವೋ? ಚಳಿಗಾಲ ಬರ್ತಿದೆ. ಯೋಚ್ನೆ ಮಾಡು."

ಬೂಟು ಮೇಲೆ ಹೋಯಿತು.

ಯಾವುದಕ್ಕೆ ಎಂಬ ಈ ಪ್ರಶ್ನೆಯನ್ನು ಖೆಜಾಲ್ ಹಾಜಿಗೇ ಕೇಳಿದ್ದಳು. ವಾರದ ಹಿಂದೆ ಅವನು ಆಸ್ಪತ್ರೆಯಿಂದ ಕಾರು ಕಳಿಸಿ ಅವಳನ್ನು ಕರೆಸಿಕೊಂಡಿದ್ದ. ಮೂಗಿಗೆ ಕೊಳವೆ ಹಾಕಿದ್ದರು. ಹಾಸಿಗೆಯ ಬಿಳಿ ಬಟ್ಟೆ ಇಸ್ತ್ರಿಯಿಲ್ಲದೆ ಮುದುಡಿತ್ತು, ಅವಳ ಕಣ್ಣು ಮೊದಲು ಹೋದದ್ದು ಅಲ್ಲಿಗೇ. "ಹಕ್ಕು ಬಿಟ್ಟುಬಿಡು, ಖೆಜಾಲ್," ಎಂದ ಮುದುಕ. "ಯಾವುದಕ್ಕೆ, ಸಾಹೇಬ್ರೆ?" ಎಂದಳು ಇವಳು. ಜಗಳಕ್ಕೆ ಕೇಳಿದ್ದಲ್ಲ. ಒಂದು ಸಲ, ಒಂದೇ ಒಂದು ಸಲ ಅವನ ಬಾಯಿಂದ ಬರಲಿ ಎಂದು ಕೇಳಿದ್ದು. ಹಾಜಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಅವಳು ತುಂಬಾ ಹೊತ್ತು ನಿಂತಿದ್ದು ವಾಪಸು ಬಂದಳು. ಸಾಯಲು ಬಿದ್ದವನಿಗೂ ಆ ಮಾತು ಗಂಟಲಿಂದ ಏಳಲಿಲ್ಲ.

ನಾಲ್ಕು ವರ್ಷದ ಹಿಂದೆ ಇನ್ನೊಂದು ಆಸ್ಪತ್ರೆಯ ಬಾಗಿಲಲ್ಲಿ ಅವನಿಗೆ ಮಾತು ಬೇಕಾದಷ್ಟಿತ್ತು. ಸೋಸಿನಳನ್ನು ಕೊಳೆ ಬಟ್ಟೆ ಸಾಗಿಸುವ ವ್ಯಾನಿನಲ್ಲಿ ಹಾಕಿಕೊಂಡು ಹೋಗಿದ್ದರು. ಡಾಕ್ಟರು ಕೇಳಿದ್ದು ತಾಯಿಯನ್ನು. ಖೆಜಾಲಳಿಗೆ ಆಗ ಟರ್ಕಿ ಮಾತು ಸರಿಯಾಗಿ ಬಾರದು. ಹತ್ತಿರ ಹತ್ತಿರ ಇಪ್ಪತ್ತು ವರ್ಷ ನೆಲಮಾಳಿಗೆಯಲ್ಲಿ ಇದ್ದವಳಿಗೆ ಯಾರು ಮಾತು ಕಲಿಸುತ್ತಾರೆ? "ಯಂತ್ರ! ಯಂತ್ರ!" ಎಂದಷ್ಟೇ ಕೂಗಿದಳು, ಉಳಿದದ್ದೆಲ್ಲ ಕುರ್ದಿಯಲ್ಲಿ ಬಂತು. ಹಾಜಿ ಅವಳ ಭುಜದ ಮೇಲೆ ಕೈಯಿಟ್ಟು, ತಂದೆಯ ಹಾಗೆ, ಅವಳ ಮಾತನ್ನು ಡಾಕ್ಟರಿಗೆ ಬಿಡಿಸಿ ಹೇಳಿದ. ಮನೆಯಲ್ಲಿದ್ದ ಹಳೆ ಇಸ್ತ್ರಿ ಯಂತ್ರಕ್ಕೆ ಸಿಕ್ಕಿಸಿಕೊಂಡಳಂತೆ, ಪಾಪ. ನಮ್ಮ ಓಣಿಯವರು, ನಾನೇ ಕರೆದುಕೊಂಡು ಬಂದೆ. ಡಾಕ್ಟರು ಹಾಜಿಯ ಕೈ ಕುಲುಕಿದರು. ಖೆಜಾಲ್ ಆ ಕೈ ಕುಲುಕುವುದನ್ನು ನೋಡಿದಳು. ಅವನು ಏನು ಹೇಳಿದನೆಂದು ಅವಳಿಗೆ ಗೊತ್ತಾದದ್ದು ಪೊಲೀಸರು ಬರಲೇ ಇಲ್ಲವಲ್ಲ ಎಂದು ಕೇಳಿದ ಮೇಲೆ.

ಈಗ ಅವಳು ಯಂತ್ರದ ಕೆಳಗಿನ ಪೆಟ್ಟಿಗೆಯಿಂದ ಇಕ್ಕಳ ತೆಗೆದಳು.

"ಏನ್ ಮಾಡ್ತೀಯೇ?" ಎಂದಳು ಪೆಂಬೆ.

ಖೆಜಾಲ್ ಸರಳಿನ ಕಡೆ ಬಾಗಿದಳು. ಎಡಗಡೆಯ ತಂತಿ ಕತ್ತರಿಸಿದಳು. ಬಲಗಡೆಯದು ತುಕ್ಕು ಹಿಡಿದಿತ್ತು, ಎರಡು ಸಲ ಒತ್ತಬೇಕಾಯಿತು. ಸರಳು ಟಕ್ಕೆಂದು ಕೆಳಗೆ ಬಿತ್ತು. ಒಂದು ಹಾಸು ತೆಗೆದು ಉರುಳೆಗೆ ಕೊಟ್ಟಳು. ದಪ್ಪ ಹೊಲಿಗೆ ಬಂದು ಸರಳಿಗೆ ತಾಗಿತು. ಯಂತ್ರ ನಿಂತಿತು.

ನೆಲಮಾಳಿಗೆಯ ಹೆಂಗಸರೆಲ್ಲ ತಲೆಯೆತ್ತಿ ನೋಡಿದರು. ಆ ಯಂತ್ರದ ಗುಡುಗಿಲ್ಲದೆ ಆ ಕೋಣೆ ಹೇಗಿರುತ್ತದೆಂದು ಅವರು ಮರೆತಿದ್ದರು.

"ಅಯ್ಯೋ ನನ್ನಮ್ಮ," ಎಂದಳು ಪೆಂಬೆ ಮೆಲ್ಲಗೆ. "ಇದಕ್ಕೆ ನಿಲ್ಲೋಕೂ ಬರತ್ತಾ?"

"ಬರತ್ತೆ," ಎಂದಳು ಖೆಜಾಲ್. "ಮೊದಲಿಂದ್ಲೂ ಬರ್ತಿತ್ತು."

ತಂತಿಯ ತುಂಡುಗಳನ್ನು ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡು ಅವಳು ಮೆಟ್ಟಿಲು ಹತ್ತಿದಳು.

ಸೋಸಿನ್ ಸ್ಟೇಷನ್ನಿನ ಮೆಟ್ಟಿಲ ಬದಿಯಲ್ಲಿ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಅನ್ನ ತುಂಬಿದ ಕಡಲಚಿಪ್ಪು ಮಾರುವುದು ಮಾರ್ದಿನಿನವರ ಕಸುಬು. ಇಡೀ ಇಜ್ಮೀರು ಅವರ ಕೈಯಿಂದಲೇ ತಿನ್ನುತ್ತದೆ. ಬೆಳಗಿನ ಜಾವ ಎದ್ದು ಚಿಪ್ಪು ಬಿಡಿಸಿ ತುಂಬುತ್ತಾಳೆ. ಎಡಗೈಯಲ್ಲಿ ಚಾಕು ಹಿಡಿಯುತ್ತಾಳೆ, ಬಲಗೈಯ ಮೊಂಡಿನಿಂದ ಚಿಪ್ಪನ್ನು ಮೊಣಕಾಲಿಗೆ ಒತ್ತಿಕೊಳ್ಳುತ್ತಾಳೆ. ಆದರೆ ಅದು ಮನೆಯಲ್ಲಿ. ಜನರ ಮುಂದೆ ಬಲಗೈ ಯಾವಾಗಲೂ ಜೇಬಿನಲ್ಲಿ.

"ನಾನ್ ಬರಲ್ಲ," ಎಂದಳು. ತಾಯಿ ಮಾತು ಮುಗಿಸುವುದಕ್ಕೂ ಬಿಡಲಿಲ್ಲ. "ಆ ಮಸೀದಿ ಅಂಗಳಕ್ಕೆ ನಾನು ಕಾಲಿಡಲ್ಲ ಅಂತ ನಿಂಗೊತ್ತು."

ಖೆಜಾಲಳಿಗೆ ಗೊತ್ತಿತ್ತು. ಹಿಂದಿನ ವರ್ಷದ ಹಬ್ಬದ ದಿನ ಸೋಸಿನ್ ತಾಯಿಗೆ ಕಾಯುತ್ತ ಮಸೀದಿಯ ಬಾಗಿಲಲ್ಲಿ ನಿಂತಿದ್ದಳು. ನಮಾಜು ಮುಗಿಸಿ ಹಾಜಿ ನಾಫಿಜ್ ಹೊರಗೆ ಬಂದ. ಮಸೀದಿಯ ರಿಪೇರಿ ಸಂಘದ ಅಧ್ಯಕ್ಷ ಅವನು. ಸುತ್ತ ಹತ್ತಾರು ದೊಡ್ಡ ಮನುಷ್ಯರು. ಬಾಗಿಲಲ್ಲಿ ಕೂತ ಬಡವರಿಗೆ ಒಬ್ಬೊಬ್ಬರಿಗೂ ನೋಟು ಹಂಚುತ್ತ ಬಂದವನು ಸೋಸಿನಳ ಎಡಗೈ ಹಿಡಿದು ಅದರಲ್ಲೂ ಒಂದು ನೋಟು ಇಟ್ಟ. ಎಲ್ಲರಿಗೂ ಕೇಳಿಸುವ ಹಾಗೆ ಮರುಗಿದ. "ಅಯ್ಯೋ ಮಗಳೇ, ಕೈಗೆ ಏನಾಯ್ತಮ್ಮಾ?" ಎಂದ. ಉತ್ತರಕ್ಕೆ ಕಾಯದೆ ಮುಂದೆ ಹೋದ. ಹುಡುಗಿ ನೋಟನ್ನು ಉಂಡೆ ಕಟ್ಟಿ ಮಸೀದಿಯ ನಲ್ಲಿಯ ಚರಂಡಿಗೆ ಎಸೆದಳು. ಅವತ್ತಿನಿಂದ ಕೈ ಜೇಬು ಸೇರಿತು.

"ಬಿಟ್ಟೆ ಅಂತ ನೀನೇ ಹೇಳು ಹೋಗು," ಎಂದಳು ಸೋಸಿನ್. "ದಿನಾ ಆ ಯಂತ್ರಕ್ಕೆ ಬಟ್ಟೆ ತಿನ್ನಿಸ್ತೀಯ. ಈಗ ನನ್ ಬಾಯಿಗೆ ಅವ್ರ ಮಾತು ತುರುಕೋಕೆ ಬಂದ್ಯಾ? ನಾನು ಬಿಟ್ರೆ ಕೈ ಚಿಗುರತ್ತಾ?"

ಖೆಜಾಲ್ ಜೇಬಿಂದ ತಂತಿ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟಳು.

ಸೋಸಿನ್ ಅದನ್ನು ನೋಡಿದಳು. ತುದಿಯಲ್ಲಿ ಹೊಸದಾಗಿ ಕತ್ತರಿಸಿದ ಹೊಳಪು ಇತ್ತು. ಗುರುತು ಹಿಡಿಯುವುದಕ್ಕೆ ಅವಳಿಗೆ ಹೊತ್ತು ಬೇಕಾಗಲಿಲ್ಲ. ಕೈ ಒಳಗೆ ಹೋಗುತ್ತಿದ್ದಾಗ ಅವಳ ಕಣ್ಣು ನೋಡುತ್ತಿದ್ದದ್ದು ಆ ತಂತಿಯನ್ನೇ.

"ನಾನು ಬಿಡೋಕೆ ಹೋಗ್ತಿಲ್ಲ," ಎಂದಳು ಖೆಜಾಲ್. "ಕೋಣೆ ಹೋಗತ್ತೆ. ಕೆಲಸಾನೂ ಹೋಗತ್ತೆ. ನೀನು ಬೇಡ ಅಂದ್ರೆ ವಾಪಸ್ ಹೋಗಿ ತಂತಿ ಕಟ್ತೀನಿ. ಕೈ ನಿಂದು. ನೀನೇ ಹೇಳು."

ಸೋಸಿನ್ ಒದ್ದೆ ಬಟ್ಟೆ ತೆಗೆದು ಚಿಪ್ಪಿನ ತಟ್ಟೆ ಮುಚ್ಚಿದಳು. ಎದ್ದು ತಟ್ಟೆಯನ್ನು ಎಡ ಸೊಂಟಕ್ಕೆ ಒತ್ತಿಕೊಂಡಳು. "ನಡಿ," ಎಂದಳು. ಖೆಜಾಲ್ ತಂತಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡಳು.

ಸ್ಟೇಷನ್ನಿಗೂ ಮಸೀದಿಗೂ ನಡುವೆ ಒಂದು ರಸ್ತೆ ಅಷ್ಟೇ. ಸುಲ್ತಾನರ ಕಾಲದ ಮಸೀದಿ. ರೈಲು ಬರುವುದಕ್ಕೂ ಎಷ್ಟೋ ಮೊದಲು ಅಲ್ಲಿತ್ತು, ಆಮೇಲೂ ಅಲ್ಲೇ ಉಳಿಯಿತು. ಸೀಸದ ಗುಮ್ಮಟ, ಸವೆದ ಅಮೃತಶಿಲೆಯ ಅಂಗಳ, ನಡುವೆ ನಲ್ಲಿಗಳ ಕಟ್ಟೆ. ರೈಲು ಹೊರಟಾಗ ಕಿಟಕಿಯ ಗಾಜು ಗಲಗಲ ಎನ್ನುತ್ತದೆ. ಖೆಜಾಲ್ ಈ ಊರಿನಲ್ಲಿ ಕುಡಿದ ಮೊದಲ ನೀರು ಆ ನಲ್ಲಿಯದು. ಬಂದ ದಿನ ಕೂಸಿನೊಂದಿಗೆ ಮಲಗಿದ್ದು ಅದರ ಗೋಡೆಯ ಬುಡದಲ್ಲಿ. ಆಗ ಯಾರೂ ಎಬ್ಬಿಸಿ ಓಡಿಸಲಿಲ್ಲ. ಈಗ ನಲ್ಲಿಕಟ್ಟೆಯ ಮೇಲೆ ಹಾಜಿ ನಾಫಿಜನ ಹೆಸರು ಕೆತ್ತಿದ ಕಲ್ಲು ಇದೆ.

ಅಂಗಳದ ಒಂದೊಂದು ಕಲ್ಲೂ ಖೆಜಾಲಳ ಮಂಡಿಗೆ ಗೊತ್ತು. ರಂಜಾನಿಗೆ ಮೊದಲು ಮಸೀದಿಯ ಜಮಖಾನೆಗಳನ್ನೆಲ್ಲ ತೊಳೆಸಿಕೊಡುವುದು ಹಾಜಿಯ ಧರ್ಮಕಾರ್ಯ. ತೊಳೆಯುತ್ತಿದ್ದವರು ಈ ಹೆಂಗಸರು, ತಮ್ಮ ರಜೆಯ ದಿನ, ಇದೇ ಅಂಗಳದಲ್ಲಿ ಮಂಡಿಯೂರಿ, ಕೂಲಿಯಿಲ್ಲದೆ. ಪುಣ್ಯ ಅವನಿಗೆ, ಮಂಡಿನೋವು ಇವರಿಗೆ. ಹಾಗೆ ತಿಕ್ಕುತ್ತಿದ್ದ ಒಂದು ಶುಕ್ರವಾರವೇ ಖೆಜಾಲ್ ಒಳಗಿನಿಂದ ಇಮಾಮರ ಉಪದೇಶ ಕೇಳಿಸಿಕೊಂಡದ್ದು. ಮನುಷ್ಯ ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ದೇವರೂ ಮನ್ನಾ ಮಾಡುವುದಿಲ್ಲ, ಅನ್ಯಾಯ ಉಂಡವನೇ ಮನ್ನಾ ಮಾಡಬೇಕು ಎಂದಿದ್ದರು. ಅವಳು ಬ್ರಷ್ಷು ನಿಲ್ಲಿಸಿ ಕೇಳಿದ್ದಳು. ದೇವರೂ ಕೈಯಿಡಲಾಗದ ಒಂದು ವಸ್ತು ತನ್ನ ಮಗಳ ಹತ್ತಿರ ಇದೆ ಎಂದು ಅವಳಿಗೆ ಅವತ್ತು ತಿಳಿಯಿತು.

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತ್ತು. ಹೋಟೆಲಿನವರು, ಸಂಘದವರು, ಚುನಾವಣೆಗೆ ನಿಲ್ಲುವವರು. ಗೋಡೆಯುದ್ದಕ್ಕೂ ಹೂವಿನ ಚಕ್ರಗಳು. ಬಾಗಿಲಾಚೆ ಲೊಕ್ಮಾ ಗಾಡಿಯ ಮುಂದೆ ಉದ್ದ ಸಾಲು. ಬಿಸಿ ಎಣ್ಣೆಯಲ್ಲಿ ಕರಿದು ಪಾಕದಲ್ಲಿ ಅದ್ದಿದ ಹಿಟ್ಟಿನ ಉಂಡೆಗಳನ್ನು ಬಟ್ಟಲುಗಟ್ಟಲೆ ಹಂಚುತ್ತಿದ್ದರು. ನೆರಳಿನಲ್ಲಿ ಹೆಣದ ಕಲ್ಲು. ಅದರ ಮೇಲೆ ಹಸಿರು ಬಟ್ಟೆ ಹೊದಿಸಿದ ಪೆಟ್ಟಿಗೆ.

ಗಂಡಸರು ಮುಂದೆ, ಹೆಂಗಸರು ಹಿಂದೆ, ನಲ್ಲಿಕಟ್ಟೆಯ ಆಚೆಗೆ. ಪೆಂಬೆ ಆಗಲೇ ಬಟ್ಟಲು ಹಿಡಿದು ನಿಂತಿದ್ದಳು. "ತಣ್ಣಗಾದ್ರೆ ಚೆನ್ನಾಗಿರಲ್ಲ," ಎಂದು ಗೊಣಗಿ ಒಂದನ್ನು ಬಾಯಿಗೆ ಹಾಕಿಕೊಂಡಳು.

ಇಮಾಮರು ಕಲ್ಲಿನ ಮುಂದೆ ಬಂದು ಜನರ ಕಡೆ ತಿರುಗಿದರು. ಚಿಕ್ಕ ವಯಸ್ಸಿನವರು, ಕನ್ನಡಕ ಹಾಕಿದವರು. "ಈ ಮನುಷ್ಯನನ್ನ ಎಂಥವರು ಅಂತ ಬಲ್ಲಿರಿ?"

"ಒಳ್ಳೆಯವರು ಅಂತ ಬಲ್ಲೆವು!"

"ಇವರ ಮೇಲೆ ನಿಮಗಿರೋ ಹಕ್ಕು ಬಿಟ್ಟುಕೊಡ್ತೀರಾ?"

"ಬಿಟ್ಟೆವು!"

ಎರಡನೆಯ ಸಲ ಕೇಳಿದರು. ಎರಡನೆಯ ಸಲವೂ ಅಂಗಳ ಕೂಗಿತು. ಖೆಜಾಲಳ ಬಾಯಿ ತೆರೆಯಿತು, ಮಾತು ಬರಲಿಲ್ಲ. ಮತ್ತೆ ಆ ಆಸ್ಪತ್ರೆಯ ಬಾಗಿಲಲ್ಲೇ ನಿಂತ ಹಾಗಾಯಿತು. ಮೂರನೆಯ ಸಲ ಕೇಳಿದಾಗ "ಬಿಡಲ್ಲ" ಎಂದಳು. ಅವಳ ಸ್ವರವನ್ನು ನೂರಾರು ಗಂಡಸರ ಸ್ವರ ಮುಳುಗಿಸಿಬಿಟ್ಟಿತು. ಪಕ್ಕದ ಪೆಂಬೆಗೆ ಮಾತ್ರ ಕೇಳಿಸಿತು. ಅವಳ ಅಗಿಯುತ್ತಿದ್ದ ಬಾಯಿ ನಿಂತಿತು.

ಇಮಾಮರು ಹೆಣದ ಕಡೆ ತಿರುಗಿದರು. ಗಂಡಸರು ಸಾಲು ಕಟ್ಟತೊಡಗಿದರು. ಮುಗಿದೇಹೋಯಿತು.

ಆಗ ಖೆಜಾಲ್ ನಡೆದಳು. ನಲ್ಲಿಕಟ್ಟೆ ದಾಟಿದಳು. ಸಾಲುಗಳ ನಡುವೆ ನುಗ್ಗಿದಳು. ಯಾರೋ "ಏಯ್!" ಎಂದರು, ಯಾರೋ ತೋಳು ಹಿಡಿದರು. ಒದ್ದೆ ಹಾಸುಗಳನ್ನು ಇಡೀ ಆಯುಷ್ಯ ಎತ್ತಿದ ತೋಳು ಅದು. ಕೊಡವಿದಳು, ಹಿಡಿದವನು ಹಿಂದಕ್ಕೆ ಬಿದ್ದ. ನೇರ ಹೋಗಿ ಹೆಣದ ಕಲ್ಲಿನ ಪಕ್ಕ ನಿಂತಳು.

"ನಾನ್ ಹೇಳಿದ್ದು ಕೇಳಿಸ್ಲಿಲ್ಲ," ಎಂದಳು. "ನಾನು ಬಿಡಲ್ಲ."

ಬಾಗಿಲಾಚೆ ಎಣ್ಣೆ ಚುರುಗುಟ್ಟುವುದು ಕೇಳಿಸಿತು.

"ಯಾರ್ರೀ ಇವಳು? ಹೆಂಗಸಿಗೆ ಇಲ್ಲೇನು ಕೆಲಸ?"

"ನಮ್ಮ ಕೆಲಸದವಳು," ಎಂದ ತುಂಜಾಯ್ ಮುಂದೆ ಬಂದು. "ತಲೆ ಸರಿಯಿಲ್ಲ. ಅಪ್ಪನೇ ಕನಿಕರ ಪಟ್ಟು ಇಟ್ಕೊಂಡಿದ್ರು. ನಡಿ, ಖೆಜಾಲ್, ಆಮೇಲೆ ಮಾತಾಡೋಣ. ಏನ್ ಬೇಕೋ ಕೊಡ್ತೀನಿ."

"ನಾನು ಕೊಡು ಅಂದ್ನಾ?" ಎಂದಳು ಖೆಜಾಲ್. ಕುರ್ದಿ ಬೆರೆತ ಟರ್ಕಿ ಮಾತಿನಲ್ಲಿ, ಮುರಿದು ಮುರಿದು, ಆದರೆ ಗಟ್ಟಿಯಾಗಿ. "ಇಮಾಮ್ ಸಾಹೇಬ್ರು ಕೇಳಿದ್ರು. ಮೂರು ಸಲ ಕೇಳಿದ್ರು. ನಾನು ಉತ್ರ ಕೊಟ್ಟೆ. ಉತ್ರ ಬೇಡ ಅಂದ್ರೆ ಕೇಳೋದ್ಯಾಕೆ?"

ಜೇಬಿಂದ ತಂತಿ ತೆಗೆದು ಕಲ್ಲಿನ ಮೇಲೆ, ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಳು. ತುಂಜಾಯ್ ಅದನ್ನು ನೋಡಿದ.

"ಕೈ ಎಳ್ಕೊಂಡು ಹೊರಗೆ ಹಾಕಿ!" ಎಂದು ಸಂಘದವನೊಬ್ಬ ಕೂಗಿದ.

"ಯಾರೂ ಮುಟ್ಬೇಡಿ," ಎಂದರು ಇಮಾಮರು. ಅವರ ಮನೆಗೆ ಚಳಿಗಾಲದ ಕಲ್ಲಿದ್ದಲು ಬರುತ್ತಿದ್ದದ್ದು ಇದೇ ಸಂಘದಿಂದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಪ್ರಶ್ನೆ ನನ್ನದು. ಶಾಸ್ತ್ರಕ್ಕೆ ಕೇಳೋದಲ್ಲ ಇದು. ತುಂಜಾಯ್, ತಂದೆ ಪರವಾಗಿ ಮಗ ಕೇಳ್ಕೋಬಹುದು. ಆದ್ರೆ ಯಾವುದಕ್ಕೆ ಅಂತ ಹೇಳ್ಬೇಕು. ಹೆಸರಿಲ್ಲದ ತಪ್ಪಿಗೆ ಮಾಫಿ ಇಲ್ಲ."

ತುಂಜಾಯ್ ಸುತ್ತ ನೋಡಿದ. ಹೆಣ ಕಲ್ಲಿನ ಮೇಲೆ ಕಾಯುತ್ತಿತ್ತು. ಅಪ್ಪ ಕೊನೆಯ ದಿನಗಳಲ್ಲಿ ಗೋಡೆ ನೋಡುತ್ತ ಮಲಗಿದ್ದು ಅವನಿಗೆ ನೆನಪಾಗಿರಬೇಕು. ಈ ಋಣ ಹೊತ್ತು ಅಪ್ಪ ಮಣ್ಣಿಗೆ ಇಳಿಯುತ್ತಾನೆ ಎಂಬುದನ್ನು ಅವನು ನಿಜವಾಗಿ ನಂಬಿದ್ದ, ನಿಜವಾಗಿ ಹೆದರಿದ್ದ.

"ಇವಳ ಮಗಳ ಕೈ..." ಎಂದ ತಗ್ಗಿದ ದನಿಯಲ್ಲಿ. "ನಮ್ಮ ಯಂತ್ರದಲ್ಲಿ ಹೋಯ್ತು."

"ನನಗೆ ಹೇಳ್ಬೇಡ," ಎಂದಳು ಖೆಜಾಲ್. "ಕೈ ನಂದಲ್ಲ. ಕೈ ಅವಳದು. ಅಲ್ಲಿ ನಿಂತಿದ್ದಾಳೆ, ಹೋಗಿ ಹೇಳು."

ಹಾಜಿ ನಾಫಿಜನ ಮಗ ಅಪ್ಪನ ಹೆಣ ಬಿಟ್ಟು, ಗಂಡಸರ ಸಾಲುಗಳನ್ನು ದಾಟಿ, ಹೆಂಗಸರ ಕಡೆಗೆ ನಡೆದ. ಜನ ದಾರಿ ಬಿಟ್ಟರು. ಸೋಸಿನ್ ಚಿಪ್ಪಿನ ತಟ್ಟೆಯನ್ನು ನಲ್ಲಿಕಟ್ಟೆಯ ಮೇಲಿಟ್ಟು ನಿಂತಿದ್ದಳು. ಬಲಗೈ ಜೇಬಿನಲ್ಲಿತ್ತು. ಅವನು ಹೇಳಿದ. ಅದೇ ಹೊತ್ತಿಗೆ ಸ್ಟೇಷನ್ನಿನಲ್ಲಿ ರೈಲು ಕೂಗಿತು.

"ಕೇಳಿಸ್ಲಿಲ್ಲ," ಎಂದಳು ಸೋಸಿನ್.

"ನಿನ್ನ ಕೈ ನಮ್ಮ ಹೋಟೆಲಿನ ಯಂತ್ರದಲ್ಲಿ ಹೋಯ್ತು!"

"ತಂತಿ ಕಟ್ಟಿದ್ಯಾರು?"

"ಅಪ್ಪ ಕಟ್ಟು ಅಂದ್ರು. ನಾನು..." ಅವನು ಎದೆಯ ಮೇಲಿನ ಫೋಟೋ ಮುಟ್ಟಿದ. "ನಾನೇ ಕಟ್ಟಿದೆ."

"ಆಸ್ಪತ್ರೇಲಿ ಏನಂದ್ರಿ?"

"ಮನೇಲಿದ್ದ ಹಳೆ ಇಸ್ತ್ರಿ ಯಂತ್ರಕ್ಕೆ ಸಿಕ್ಕಿತು ಅಂತ."

"ನಿಜಾನಾ ಅದು?"

"ಸುಳ್ಳು." ತುಂಜಾಯ್ ಅಳುತ್ತಿದ್ದ. "ಸುಳ್ಳು. ಸಾಕಾ? ಎಲ್ಲಾ ಹೇಳಿದೆ. ಈಗ ಬಿಟ್ಟೆ ಅನ್ನು, ತಂಗಿ. ದಮ್ಮಯ್ಯ. ಅಪ್ಪನ್ನ ಮಣ್ಣು ಮಾಡ್ಬೇಕು."

ಸೋಸಿನ್ ಬಲಗೈಯನ್ನು ಜೇಬಿಂದ ತೆಗೆದಳು. ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದಳು. ಸುಟ್ಟು ಮೆತ್ತಿಕೊಂಡ ಆ ಮೊಂಡನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಳು. ಮುಂದಿನ ಸಾಲಿನವರೂ ತಿರುಗಿ ನೋಡಿದರು.

"ಬಿಡಲ್ಲ," ಎಂದಳು.

ಗದ್ದಲವೆದ್ದಿತು. ಇಷ್ಟು ಹೇಳಿದ ಮೇ‌ಲೂ ಬಿಡುವುದಿಲ್ಲವೆಂದರೆ ಏನು? ಎಂಥ ಎದೆ ಇವಳದು? ಒಬ್ಬ ಮುದುಕ ಕೈ ಮುಗಿಯುವ ಹಾಗೆ ಮುಂದೆ ಬಂದ. "ಮಗಳೇ, ಹುಡುಗ ನಿಜ ಒಪ್ಕೊಂಡ್ನಲ್ಲಮ್ಮ!"

"ನಿಜ ಹೇಳೋದು ಅವ್ರು ನಂಗೆ ಮಾಡೋ ಉಪಕಾರ ಅಲ್ಲ, ತಾತ," ಎಂದಳು ಸೋಸಿನ್. "ನಾಲ್ಕು ವರ್ಷದ ಹಿಂದೇನೇ ಹೇಳ್ಬೇಕಿತ್ತು. ಬಿಡೋದು, ಬಿಡದೇ ಇರೋದು ನನ್ನಿಷ್ಟ. ದೇವರೂ ಅದನ್ನ ನನ್ನಿಂದ ಕಿತ್ಕೊಂಡಿಲ್ಲ. ನೀವ್ಯಾರು ಕಿತ್ಕೊಳ್ಳೋಕೆ?"

"ನಾನೂ ಬಿಡಲ್ಲ!" ಎಂದಿತು ಇನ್ನೊಂದು ಸ್ವರ. ಪೆಂಬೆ. ಕೆನ್ನೆ ಉಬ್ಬಿತ್ತು, ಗಲ್ಲಕ್ಕೆ ಪಾಕ ಮೆತ್ತಿತ್ತು. "ಬಾಯಲ್ಲಿ ಅವ್ನ ಲೊಕ್ಮಾ ಇದೆ, ಆದ್ರೂ ಬಿಡಲ್ಲ! ಈ ಅಂಗಳ ತಿಕ್ಕಿ ತಿಕ್ಕಿ ಮಂಡಿ ಹೋಯ್ತು, ಕಲ್ಲಿನ ಮೇಲೆ ಹೆಸರು ಅವ್ನದು! ಮತ್ತೆ ಇಷ್ಟು ಜನ ದೊಡ್ಡೋರು ಕಿವಿಯಾರೆ ಕೇಳಿದ್ರಲ್ಲ? ನಾಳೆ ಕೋರ್ಟಲ್ಲಿ ಕಿವುಡಾಗ್ಬೇಡಿ!"

ಆಗಲೇ ತುಂಜಾಯ್‌ಗೆ ತಾನು ಏನು ಹೇಳಿಬಿಟ್ಟೆನೆಂದು ಹೊಳೆದದ್ದು. ಅಪ್ಪನನ್ನು ಬಿಡಿಸಲು ಹೋಗಿ ತಾನೇ ಸಿಕ್ಕಿಬಿದ್ದಿದ್ದ, ಅದೂ ಮಸೀದಿಯ ಅಂಗಳದಲ್ಲಿ, ಊರೆಲ್ಲ ಕೇಳುವಾಗ. ನೆಲಮಾಳಿಗೆಯ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಾಯಿ ತೆರೆದರು. ಕೆಲವರ ಸ್ವರ ಸಣ್ಣದು, ಕೆಲವರದು ಅಳುವಿನಿಂದ ಒಡೆದದ್ದು. ಬಿಡಲ್ಲ. ನಾನೂ ಬಿಡಲ್ಲ.

ಇಮಾಮರು ಪ್ರಾರ್ಥನೆ ಮುಗಿಸಿದರು. ಹೆಣಕ್ಕೆ ಪ್ರಾರ್ಥನೆ ತಪ್ಪಿಸುವ ಹಾಗಿಲ್ಲ. ಪೆಟ್ಟಿಗೆ ಎದ್ದಾಗ ಹೆಗಲು ಕೊಡಲು ಜನ ಮುಗಿಬೀಳುವುದು ಅಲ್ಲಿಯ ರೂಢಿ. ಇವತ್ತು ಯಾರೂ ಮುಗಿಬೀಳಲಿಲ್ಲ. ಚುನಾವಣೆಗೆ ನಿಲ್ಲುವವರು ಗಡಿಯಾರ ನೋಡಿಕೊಂಡು ಹೊರಟುಹೋಗಿದ್ದರು. ಇಮಾಮರು ಕಲ್ಲಿನ ಮೇಲಿದ್ದ ತಂತಿಯನ್ನು ತೆಗೆದು ಖೆಜಾಲಳ ಕೈಗೆ ಕೊಟ್ಟರು. "ಕಳ್ಕೋಬೇಡಿ," ಎಂದಷ್ಟೇ ಹೇಳಿದರು.

"ಸಂಜೆಯೊಳಗೆ ಕೋಣೆ ಖಾಲಿ ಮಾಡು," ಎಂದ ತುಂಜಾಯ್, ಹೆಣದ ಹಿಂದೆ ಹೋಗುತ್ತ.

"ಮಾಡ್ತೀನಿ," ಎಂದಳು ಖೆಜಾಲ್. "ಈ ಊರಿಗೆ ಬಂದಾಗ ಮಲಗಿದ್ದ ಗೋಡೆ ಇಲ್ಲೇ ಇದೆ. ಅದು ನಿಮ್ಮಪ್ಪ ಕಟ್ಟಿಸಿದ್ದಲ್ಲ."

ಹೆಣ ಹೋಯಿತು. ಅಂಗಳ ಬರಿದಾಯಿತು. ಖೆಜಾಲ್ ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ರಾತ್ರಿಯ ಚಳಿಯ ಹೆದರಿಕೆ ಅವಳಿಗೆ ಇಲ್ಲದಿರಲಿಲ್ಲ. ಆದರೂ ಎದೆಯ ಮೇಲಿನ ಒಂದು ಚಪ್ಪಡಿ ಸರಿದ ಹಾಗೆ ಉಸಿರಾಡುತ್ತಿದ್ದಳು. ಪೆಂಬೆ ಪಕ್ಕದಲ್ಲಿ ಕೂತು ಉಳಿದ ಲೊಕ್ಮಾವನ್ನು ಪಾರಿವಾಳಗಳಿಗೆ ಎಸೆದಳು.

ಸೋಸಿನ್ ಹಾಜಿಯ ಹೆಸರಿದ್ದ ನಲ್ಲಿಯನ್ನು ತಿರುಗಿಸಿ ಮೊಂಡುಗೈಯನ್ನು ನೀರಿಗೊಡ್ಡಿದಳು. ಎಲ್ಲರಿಗೂ ಕಾಣುವ ಹಾಗೆ, ನಿಧಾನವಾಗಿ ತೊಳೆದಳು. ರೈಲಿಂದ ಇಳಿದು ನೀರು ಕುಡಿಯಲು ಬಂದ ಒಬ್ಬ ಪ್ರಯಾಣಿಕ ಅದನ್ನು ಕಂಡು ಮುಖ ಬಾಡಿಸಿದ. ಸೂಟ್‌ಕೇಸು ಕೆಳಗಿಟ್ಟು ಜೇಬಿಗೆ ಕೈ ಹಾಕಿ ನೋಟು ತೆಗೆದ.

"ಒಳಗಿಡಿ," ಎಂದಳು ಸೋಸಿನ್. "ಕೈಗೆ ಏನಾಯ್ತು ಅಂತ ಕೇಳಿ."

ಅವನು ತಬ್ಬಿಬ್ಬಾದ. "ಏನಾಯ್ತಮ್ಮ?" ಎಂದ.

ಅವಳು ನಲ್ಲಿ ನಿಲ್ಲಿಸಿದಳು. ಎದುರಿನ ಹೋಟೆಲನ್ನು ಮೊಂಡುಗೈಯಿಂದಲೇ ತೋರಿಸಿ ಹೇಳತೊಡಗಿದಳು.